ಜಾಣಕಿವುಡು

ಲಾಟನ್, ಒಕ್ಲಹೋಮ. ಶನಿವಾರ ಬೆಳಗ್ಗೆ ಒಂಬತ್ತಕ್ಕೇ
ಗುಡ್ಡದಾಚೆ ಫಿರಂಗಿ ತಾಲೀಮು.
ಕಿಟಕಿಯ ಗಾಜು ಗದಗದ ನಡುಗುತ್ತದೆ.
ತಾಸಿ ಓಡಿ ಹೋಗಿ ಎರಡೂ ಅಂಗೈ ಅದಕ್ಕೊತ್ತಿ
ನನ್ನತ್ತ ತಿರುಗಿ ನಗುತ್ತಾಳೆ: ಅಪ್ಪ!

ಎಡಗಿವಿಯ ಹಿಂದೆ ಯಂತ್ರವಿದೆ, ಗುಬ್ಬಿಯ ಮೊಟ್ಟೆಯಷ್ಟು.
ಬಲಕ್ಕೆ ಏನೂ ಇಲ್ಲ.
ಬಲಗಡೆಯಿಂದ ಬರುವ ಕಾರು ಅವಳ ಪಾಲಿಗೆ
ಇದ್ದಕ್ಕಿದ್ದಂತೆ ಹುಟ್ಟುವ ಕಾರು.

ವಿಮೆಯವರ ಪತ್ರ ಬಂದದ್ದು ಮಂಗಳವಾರ,
ಪಿಜ್ಜಾ ಕೂಪನ್ನುಗಳ ನಡುವೆ.
'ನಿಮ್ಮ ಕುಟುಂಬದ ಸೇವೆಗೆ ಧನ್ಯವಾದ' ಮೊದಲ ಸಾಲು.
ಎರಡನೆಯದು:
'ಎರಡನೇ ಕಿವಿಯ ಅಗತ್ಯ ಸಾಬೀತಾಗಿಲ್ಲ.'

ಫೋನು ಮಾಡಿದೆ. ನಲವತ್ತು ನಿಮಿಷ ಪಿಟೀಲು ಕೇಳಿಸಿದರು.
ಆಮೇಲೆ ಒಬ್ಬ ಹುಡುಗ, ತುಂಬ ಮರ್ಯಾದಸ್ಥ,
ನಾನು ಹೇಳಿದ್ದನ್ನೆಲ್ಲ ಕೇಳಿ ಮತ್ತೆ ಹೆಸರು ಕೇಳಿದ.
ಕಿಟುಗುವಾ ಎಂದೆ. ಅಕ್ಷರ ಅಕ್ಷರ ಬಿಡಿಸಿದೆ.
ಕೇಳಿಸುತ್ತಿಲ್ಲ ಮ್ಯಾಡಮ್ ಎಂದ.
ಲೈನು ಹೋಯಿತು.

'ಅದು ಜಾಣಕಿವುಡು,' ಎಂದಳು ಒಡೆಸಾ ಪ್ರೂಯಿಟ್.
'ಆ ಕಾಯಿಲೆಗೆ ಆಪರೇಷನ್ ಇಲ್ಲ. ಅಪೀಲು ಮಾತ್ರ.'

ಅವಳು ಕೂರುವುದು ಲಾಂಡ್ರಿ ಅಂಗಡಿಯ ಹಿಂಭಾಗದಲ್ಲಿ.
ಡ್ರೈಯರುಗಳ ಬಿಸಿ ಮಂಡಿನೋವಿಗೆ ಒಳ್ಳೆಯದಂತೆ,
ಬಟ್ಟೆ ಮಡಚುವ ಮೇಜು ಕಡತ ಹರಡಲು ಅಗಲವಂತೆ.
ಫಿರಂಗಿಯವನ ವಿಧವೆ. ಇಪ್ಪತ್ತೆರಡು ವರ್ಷ
ಇಂಥವೇ ಪತ್ರಗಳನ್ನು ಟೈಪು ಮಾಡಿದವಳು;
ಯಾವ ವಾಕ್ಯದ ಕೀಲು ಎಲ್ಲಿ ಸಡಿಲ, ಬೆರಳಿಗೆ ಗೊತ್ತು.
ಪ್ರಾಯಶ್ಚಿತ್ತವೇ ಎಂದು ಕೇಳಿಬಿಟ್ಟೆ.
'ಅಲ್ಲ. ಮನೆಯ ಹೀಟರ್ ಕೆಟ್ಟಿದೆ.'
ಫೀಸು ಎಂಟು ಕಾಲುಡಾಲರ್ ನಾಣ್ಯ, ನೇರ ಯಂತ್ರದ ಬಾಯಿಗೆ.

'ಲಕೋಟೆ ಎಸೆದೆಯಾ?'
ಹೂಂ.
'ಇನ್ನು ಮೇಲೆ ಎಸೆಯಬೇಡ. ಪತ್ರದ ತಾರೀಖಿನಿಂದ
ತೊಂಬತ್ತು ದಿನ ನಿನಗೆ.
ಅಳುವುದಕ್ಕೆ ಒಂದು ದಿನ ತೆಗೆದಿಟ್ಟುಕೋ,
ಉಳಿದ ಎಂಬತ್ತೊಂಬತ್ತು ನನಗೆ ಕೊಡು.'

ನಾನು ಬರೆದುಕೊಂಡು ಹೋಗಿದ್ದು ಮೂರು ಪುಟ.
ಕೆಂಪು ಪೆನ್ನು ಹಿಡಿದು ಕಳೆ ಕಿತ್ತ ಹಾಗೆ ಕಿತ್ತಳು:
ಶಾಲೆಯ ಗದ್ದಲದಲ್ಲಿ ಮಗು ಮೂಲೆ ಹಿಡಿದದ್ದು,
ಗುವಾಮಿನಲ್ಲಿ ನನ್ನಮ್ಮ ಹಚ್ಚುವ ಮೋಂಬತ್ತಿ,
ತಾಸಿ ಎಂದರೆ ನಮ್ಮಲ್ಲಿ ಕಡಲು ಎಂಬ ವಿವರಣೆ.
'ತಾಯಿಕರುಳು ಅವರು ಓದುವುದಿಲ್ಲ. ಕೋಡು ಓದುತ್ತಾರೆ.'

ಒಂದು ಕಡೆ ಮಾತ್ರ ಪೆನ್ನು ನಿಂತಿತು.
*ನನ್ನ ಗಂಡ ಫಿರಂಗಿ ದಳದ ಸಾರ್ಜೆಂಟ್.
ಕಿವಿ ಉಳಿಸಿಕೊಳ್ಳಲು ಸೈನ್ಯ ಅವನಿಗೆ ಬಿರಡೆ ಕೊಟ್ಟಿದೆ.
ಎರಡು ಕೊಟ್ಟಿದೆ.
ಒಂದು ಕಿವಿ ಸಾಕೆಂದು ಯಾರೂ ಹೇಳಲಿಲ್ಲ.*

ಯಾರದೋ ಡ್ರೈಯರ್ ಮುಗಿದು ಕೂಗುತ್ತಲೇ ಇತ್ತು,
ಯಾರೂ ತೆರೆಯಲಿಲ್ಲ.
ಒಡೆಸಾ ಎರಡು ಸಲ ಓದಿದಳು. ಕನ್ನಡಕ ಒರೆಸಿದಳು.
ಆಮೇಲೆ ಸ್ಕೇಲು ಇಟ್ಟು, ನಿಧಾನವಾಗಿ,
ಅದನ್ನೂ ಹೊಡೆದುಹಾಕಿದಳು.
'ಚೆನ್ನಾಗಿದೆ. ಅದಕ್ಕೇ ಬೇಡ.'

ಉಳಿದದ್ದು ಅರ್ಧ ಪುಟ: ಕೋಡು, ನಿಯಮದ ಸಂಖ್ಯೆ,
ಡಾಕ್ಟರು ಶ್ರವಣನಕ್ಷೆಯ ಕೆಳಗೆ ಗೀಚಿದ ಎರಡು ಸಾಲು.
ಅಂಗಡಿಯವನ ಫ್ಯಾಕ್ಸಿನಲ್ಲಿ ಕಳಿಸಿದೆವು.
'ಏಳು ಪುಟ, ತಲುಪಿದೆ' ಎಂಬ ಚೀಟಿ ಹೊರಬಂತು.
'ಜನನಪತ್ರದ ಜೊತೆ ಇಡು ಇದನ್ನು,' ಎಂದು
ನನ್ನ ಮುಷ್ಟಿಯೊಳಗೆ ಮಡಚಿಟ್ಟಳು.

ಇವತ್ತಿಗೆ ನಲವತ್ತೊಂದನೇ ದಿನ. ಉತ್ತರವಿಲ್ಲ.
ಸಂಜೆ ವಿಸೆಂಟೆ ಬಂದ, ಮೈಯೆಲ್ಲ ಕೆಂಧೂಳು,
ಬಿರಡೆ ಎರಡನ್ನೂ ತೊಳೆದು ಬಚ್ಚಲ ಕಟ್ಟೆಯ ಮೇಲಿಟ್ಟ.
ತಾಸಿ ಸ್ಟೂಲು ಹತ್ತಿದಳು,
ಒಂದನ್ನೆತ್ತಿ ಬಲಗಿವಿಗೆ ಸಿಕ್ಕಿಸಿಕೊಂಡಳು,
ಕನ್ನಡಿ ನೋಡುತ್ತ, ಉಸಿರು ಬಿಗಿಹಿಡಿದು
ನಿಂತಳು.
ಆಮೇಲೆ ಅದನ್ನು ತೆಗೆದು
ಅಪ್ಪನ ಕೈಗೆ ವಾಪಸು ಕೊಟ್ಟಳು:
ಇದು ಕೆಟ್ಟಿದೆ.